ವಾಂತಿಗಿಂತ ಮೊದಲು ತಲುಪಿದ ಗುಳಿಗೆ

ಕೋವಿಡ್ ಗದ್ದಲ ತಣ್ಣಗಾದ ಮರುವರ್ಷದ ಮಾತು. ಯಾದಗಿರಿಯ ಆಸ್ಪತ್ರೆಯೊಂದರ ಡೇ ಕೇರ್ ಕಿಮೋಥೆರಪಿ ವಾರ್ಡಿನಲ್ಲಿ ನಾನು ಹಿರಿಯ ನರ್ಸ್ ಆಗಿದ್ದೆ. ನಾಲ್ಕೇ ಹಾಸಿಗೆಗಳ ವಾರ್ಡು. ದೊಡ್ಡ ಊರಿನ ಕ್ಯಾನ್ಸರ್ ತಜ್ಞರು ಬರೆದುಕೊಟ್ಟ ಔಷಧಿಯನ್ನು ಇಲ್ಲಿ ಸಲೈನ್ ಜೊತೆ ಏರಿಸಿ, ಸಂಜೆಗೆ ರೋಗಿಗಳನ್ನು ಮನೆಗೆ ಕಳಿಸುತ್ತಿದ್ದೆವು.

ಕೊಡೇಕಲ್ಲಿನ ರೇಣುಕಾಗೆ ಹನ್ನೊಂದು ವರ್ಷ. ತಂದೆ ಹೊಳೆಯಲ್ಲಿ ಮೀನು ಹಿಡಿದರೆ, ತಾಯಿ ದೇವಮ್ಮ ಅದನ್ನು ಸುರಪುರದಲ್ಲಿ ಮಾರುತ್ತಿದ್ದಳು. ಹುಡುಗಿಗೆ ಹಾಡ್ಜ್‌ಕಿನ್ ಲಿಂಫೋಮಾ, ಅಂದರೆ ದುಗ್ಧಗ್ರಂಥಿಗಳ ಕ್ಯಾನ್ಸರ್. ಚಿಕಿತ್ಸೆ ಪೂರ್ತಿ ಪಡೆದ ಹೆಚ್ಚಿನ ಮಕ್ಕಳು ಗುಣವಾಗುತ್ತಾರೆ, ನಡುವೆ ಬಿಟ್ಟರೆ ಕಷ್ಟ. ಹದಿನೈದು ದಿನಕ್ಕೊಮ್ಮೆ ಬರಬೇಕಿತ್ತು. ಮೂರು ಸಲಕ್ಕೇ ಕುತ್ತಿಗೆಯ ಗಂಟು ಕರಗತೊಡಗಿದ್ದನ್ನು ನೋಡಿ ನಾವು ಹಿಗ್ಗಿದ್ದೆವು. ಮನೆಗೆ ಹೋದ ಮೇಲೆ ಆಕೆ ಎರಡು ಮೂರು ದಿನ ಕಾರಿಕೊಳ್ಳುತ್ತಾಳೆ ಎಂದು ದೇವಮ್ಮ ಹೇಳಿದಾಗ, ಈ ಔಷಧಿಗೆ ಅದು ಇದ್ದದ್ದೇ ಎಂದು ಸಮಾಧಾನ ಮಾಡಿ ಕಳಿಸಿದ್ದೆ.

ನಾಲ್ಕನೆಯ ಸಲ ಬರಬೇಕಾದ ದಿನ ಬೆಳಿಗ್ಗೆ ದೇವಮ್ಮನ ಫೋನ್ ಬಂತು.

"ಸಿಸ್ಟರ್, ಶಹಾಪುರ ಬಸ್ ಸ್ಟ್ಯಾಂಡಿನ್ಯಾಗ ಇಳಿದು ಕುಂತ್ಬಿಟ್ಟಾಳ್ರಿ. ದವಾಖಾನಿ ಹೆಸರು ತಗದ್ರ ಸಾಕು, ಕಾರಕತ್ತಾಳ. ನಾವು ವಾಪಸ್ ಹೋಗ್ತೀವ್ರಿ."

"ಹತ್ತಬ್ಯಾಡ್ರಿ ಬಸ್ಸು. ಅಲ್ಲೇ ಕುಂದರ್ರಿ, ನಾನೇ ಬರ್ತೀನಿ" ಅಂದೆ. ವೈದ್ಯರಿಗೆ ಹೇಳಿ, ಸಿಕ್ಕ ಬಸ್ಸು ಹತ್ತಿ ಶಹಾಪುರ ಮುಟ್ಟಿದೆ.

ರೇಣುಕಾ ಬೆಂಚಿನ ತುದಿಯಲ್ಲಿ ಮುದುಡಿ ಕೂತಿದ್ದಳು. ಪಕ್ಕದಲ್ಲಿ ಕೂತೆ. ನನ್ನ ಕೈಯಿಂದ ಬರುತ್ತಿದ್ದ ಸ್ಪಿರಿಟ್ ವಾಸನೆಗೇ ಆಕೆ ಮುಖ ತಿರುವಿದಳು.

"ಬ್ಯಾನಿಗೆ ಅಂಜಂಗಿಲ್ರಿ ನಾ. ವಾಂತಿಗೆ ಅಂಜ್ತೀನಿ" ಅಂದಳು.

ಇಷ್ಟು ವರ್ಷದ ನೌಕರಿಯಲ್ಲಿ ಆ ಮಾತು ನನಗೆ ನಾಟಿದಷ್ಟು ಯಾವುದೂ ನಾಟಿರಲಿಲ್ಲ. ಮನೆಗೆ ಕೊಟ್ಟ ಗುಳಿಗೆ ಎಲ್ಲಿ ಎಂದು ದೇವಮ್ಮನನ್ನು ಕೇಳಿದೆ. ಚೀಲದಿಂದ ಸ್ಟ್ರಿಪ್ ತೆಗೆದಳು. ಬಹುಪಾಲು ಹಾಗೇ ಇತ್ತು.

"ವಾಂತಿಗೆ ಅಂತ ನೀವ ಕೊಟ್ಟಿದ್ರಲ್ರಿ. ವಾಂತಿ ಚಾಲೂ ಆದ ಮ್ಯಾಲೆ ಕೊಡ್ತಿದ್ದೆ. ಅದೂ ಹೊಟ್ಟ್ಯಾಗ ನಿಲ್ತಿರಲಿಲ್ಲ."

ತಪ್ಪು ಅವಳದ್ದಲ್ಲ, ನನ್ನದು. "ವಾಂತಿಗೆ ಇದು" ಎಂದು ಹೇಳಿ ಕೈಗಿಟ್ಟಿದ್ದೆ. ವಾಂತಿ ಬರುವ ಮೊದಲೇ, ಬರಲಿ ಬಿಡಲಿ, ಹೊತ್ತು ಹೊತ್ತಿಗೆ ಕೊಡಬೇಕೆಂದು ಬಿಡಿಸಿ ಹೇಳಿರಲಿಲ್ಲ. ಅದನ್ನು ಇಬ್ಬರ ಮುಂದೆಯೂ ಒಪ್ಪಿಕೊಂಡೆ.

"ಈ ಸಲ ವಾಂತಿಗಿಂತ ಮೊದಲ ನಾವ್ ಹೋಗೂಣು, ರೇಣುಕಾ."

"ಪೂರಾ ನಿಲ್ತದೇನ್ರಿ?"

"ಪೂರಾ ಅಂತ ಮಾತು ಕೊಡಂಗಿಲ್ಲ. ಹಿಂದಿನಂಗ ಆಗದಂಗ ನೋಡ್ಕೊತೀನಿ."

ಆಕೆ ಎದ್ದು, ಯಾದಗಿರಿ ಬಸ್ಸಿನ ಕಡೆ ನಡೆದಳು.

ನಾವು ವಾರ್ಡು ಮುಟ್ಟುವಷ್ಟರಲ್ಲಿ ನಮ್ಮ ವೈದ್ಯರು ದೊಡ್ಡ ಊರಿನ ತಜ್ಞರೊಂದಿಗೆ ಮಾತಾಡಿದ್ದರು. ವಾಂತಿ ತಡೆಯಲು ಮೊದಲಿಂದ ಕೊಡುತ್ತಿದ್ದ ಒಂಡಾನ್ಸೆಟ್ರಾನ್, ಡೆಕ್ಸಾಮೆಥಾಸೋನ್ ಜೊತೆಗೆ ಅಪ್ರೆಪಿಟೆಂಟ್ ಎಂಬ ಇನ್ನೊಂದು ಔಷಧಿ ಸೇರಿತು. ಅದನ್ನು ಕಿಮೋಗೆ ಒಂದು ತಾಸು ಮುಂಚೆ ಕೊಟ್ಟೆ. ಕಿಟಕಿ ಪಕ್ಕದ ಹಾಸಿಗೆ ಹಾಕಿಸಿ, ಸ್ಪಿರಿಟ್ ಹತ್ತಿಯ ಡಬ್ಬಿಯನ್ನು ಆಚೆ ಇಡಿಸಿದೆ. ಸಲೈನ್ ಹನಿಯುವಷ್ಟೂ ಹೊತ್ತು ಅವಳು ಬಲೆಯ ಗಂಟು ಹೇಗೆ ಹಾಕುತ್ತಾರೆಂದು ನನಗೆ ದಾರದಲ್ಲಿ ಕಲಿಸಿದಳು. ನನಗೆ ಬರಲಿಲ್ಲ, ನಕ್ಕಳು. ಒಂದೇ ಒಂದು ಸಲವೂ ಕಾರಿಕೊಳ್ಳಲಿಲ್ಲ!

ಮನೆಯ ಗುಳಿಗೆಗಳಿಗೆ ದೇವಮ್ಮನ ದಿನಚರಿಯನ್ನೇ ಗಡಿಯಾರ ಮಾಡಿದೆವು. ಮುಂಜಾನೆ ಸುರಪುರದ ಬಸ್ಸು ಹೊರಡುವಾಗ ಒಂದು, ಸಂಜೆ ದೀಪ ಹಚ್ಚುವಾಗ ಒಂದು. ಯಾವ ದಿನ ಯಾವುದು ಎಂದು ಬೇರೆ ಬೇರೆ ಕಾಗದದಲ್ಲಿ ಕಟ್ಟಿ, ಅವಳ ಬಾಯಿಂದಲೇ ತಿರುಗಿ ಹೇಳಿಸಿದೆ.

ಮೂರನೆಯ ದಿನ ಫೋನ್ ಮಾಡಿದವಳು ರೇಣುಕಾ.

"ಸಿಸ್ಟರ್, ಎರಡು ರೊಟ್ಟಿ ತಿಂದೀನ್ರಿ! ಮೀನಿನ ಸಾರಿನ್ಯಾಗ! ಒಂದೇ ಸಲ ಹೊಟ್ಟಿ ತೊಳಸ್ತು, ಅಷ್ಟ."

ವಾರ್ಡಿನಲ್ಲಿ ಎಲ್ಲರಿಗೂ ಕೂಗಿ ಹೇಳಿದೆ. ವೈದ್ಯರು ಎದ್ದು ಬಂದು ಫೋನ್ ಕಸಿದುಕೊಂಡು, "ಮೂರನೇದು ಯಾಕ ತಿನ್ಲಿಲ್ಲ?" ಎಂದು ಗದರಿದರು.

ಮುಂದೆ ಒಂದು ಸರದಿಯೂ ತಪ್ಪಲಿಲ್ಲ. ಕೊನೆಯ ಸ್ಕ್ಯಾನಿನಲ್ಲಿ ಕಾಯಿಲೆಯ ಗುರುತಿರಲಿಲ್ಲ. ರೇಣುಕಾ ಈಗ ಸುರಪುರದಲ್ಲಿ ಹೈಸ್ಕೂಲು ಓದುತ್ತಿದ್ದಾಳೆ, ಉದ್ದನೆಯ ಜಡೆ ಬಿಟ್ಟಿದ್ದಾಳೆ.

ನಾವು ಗಂಟಿನ ಅಳತೆ ನೋಡುತ್ತಿದ್ದೆವು, ಆ ಮಗು ಕಾರಿಕೊಂಡ ದಿನಗಳನ್ನು ಎಣಿಸುತ್ತಿತ್ತು. ಕಾಯಿಲೆ ವಾಸಿಮಾಡಬೇಕಾದರೆ ಮೊದಲು ಚಿಕಿತ್ಸೆಯನ್ನು ತಾಳುವಂತೆ ಮಾಡಬೇಕು ಎಂಬುದನ್ನು ನಾನು ಕಲಿತದ್ದು ಶಹಾಪುರದ ಆ ಬೆಂಚಿನ ಮೇಲೆ. ಆಮೇಲೆ ನಿವೃತ್ತಿಯಾಗುವವರೆಗೂ, ಯಾವ ಮಗು ಬಂದರೂ ಸೂಜಿ ಮುಟ್ಟುವ ಮೊದಲು ಕೇಳುತ್ತಿದ್ದೆ: "ಹೋದ ಸಲ ಮನಿಗೆ ಹೋದ ಮ್ಯಾಲೆ ಹ್ಯಾಂಗಿತ್ತು, ಹೇಳು."