ಹೆಸರು ಹಿಡಿದು ಎಬ್ಬಿಸುವವಳು

ಕೀಲಿ ಕೊಡುವಾಗ ಕರಕರನೆ ಸದ್ದು ಮಾಡುವ ಹಳೆಯ ಅಲಾರಾಂ ಗಡಿಯಾರವೊಂದು ನನ್ನ ಹಾಸ್ಟೆಲಿನ ಕೋಣೆಯಲ್ಲಿದೆ. ಆ ಸದ್ದು ಕಿವಿಗೆ ಬಿದ್ದರೆ ಸಾಕು, ನಾವು ಬಿಟ್ಟುಬಂದ ಪುಣೆಯ ಸದಾಶಿವ ಪೇಠೆಯ, ಹಲವು ಸಂಸಾರಗಳಿದ್ದ ವಾಡೆ ಮರಳಿ ಬರುತ್ತದೆ: ಒಳಅಂಗಳದ ಒದ್ದೆ ಕಲ್ಲಿನ ತಂಪು, ನಳದ ಕೆಳಗಿನ ತಾಮ್ರದ ಹಂಡೆಯ ವಾಸನೆ, ಕಂಬಕ್ಕೆ ಒರಗಿ ಕುಳಿತ ಅಜ್ಜಿ. ನಿಮ್ಮ ಮನೆಯಲ್ಲೂ ಹೀಗೆ ಕುಳಿತವರೊಬ್ಬರು ಇದ್ದಿರಬಹುದು.

ಅವಳು ನನ್ನ ತಂದೆಯ ಅಜ್ಜಿ. ಅಪ್ಪನ ರೈಲ್ವೆ ನೌಕರಿಯ ಹಿಂದೆ ಧಾರವಾಡದಿಂದ ಪುಣೆಗೆ ಬಂದಾಗಲೇ ಅವಳಿಗೆ ಎಂಬತ್ತು ದಾಟಿತ್ತಂತೆ. ನಾನು ಕಂಡಾಗ ಕಣ್ಣು ಮಂಜು, ಮೊಣಕಾಲು ಬಿಗಿ; ನಿದ್ದೆಯಂತೂ ಹತ್ತಿರ ಸುಳಿಯುತ್ತಿರಲಿಲ್ಲ. ಅದನ್ನು ಅವಳು ಎಂದೂ ದೂರಲಿಲ್ಲ. ತನ್ನ ಎಚ್ಚರವನ್ನು ಇಡೀ ವಾಡೆಗೆ ಹಂಚಿಬಿಟ್ಟಿದ್ದಳು. ದೀಪ ಹಚ್ಚಿದ ಮೇಲೆ ಅಂಗಳದಲ್ಲಿ ಕುಳಿತು, "ನಾಳೆ ಯಾರ್‍ಯಾರು ಲಗೂ ಏಳಬೇಕ್ರಿ?" ಎಂದು ಕೇಳುವಳು. ಮೊದಲ ಪಾಳಿಯವರು, ಪರೀಕ್ಷೆಗೆ ಓದುವವರು ಬಂದು ಹೇಳಿ ಹೋಗುವರು. ಮಾಳಿಗೆಯ ಗೋದುಕಾಕು ಮೆಟ್ಟಿಲ ಮೇಲಿಂದಲೇ ಮರಾಠಿಯಲ್ಲಿ, "ಆಜಿ, ವಸಂತಾಲಾ ಚಾರಲಾ ಉಠವಾ ಹಂ" ಎನ್ನುವಳು.

"ನಾಕಕ್ಕ ಎಬ್ಬಸ್ತೀನಿ. ಆದ್ರ ನಿನ್ನ ಮಗನ್ನ ಎಬ್ಬಸೂದಕ್ಕಿಂತ ಈ ಕಂಬ ಎಬ್ಬಸೂದು ಸಸಾರ," ಎಂದು ಅಜ್ಜಿ ಕನ್ನಡದಲ್ಲೇ ಉತ್ತರಿಸುವಳು. ಇಬ್ಬರೂ ತಮ್ಮ ತಮ್ಮ ಭಾಷೆ ಬಿಡುತ್ತಿರಲಿಲ್ಲ, ನಗುವುದನ್ನೂ ಬಿಡುತ್ತಿರಲಿಲ್ಲ.

ದೂರದ ರೈಲುಗಾಡಿಯ ಸಿಳ್ಳು, ಬೀದಿಯ ಮೊದಲ ಟಾಂಗಾ, ನೀರು ಬರುವ ಮುಂಚೆ ನಳ ಗೊರಗುಟ್ಟುವ ಸದ್ದು, ಇವೇ ಅವಳ ಗಳಿಗೆಗಳು. ಕೋಲೂರಿಕೊಂಡು ಬಾಗಿಲಿಂದ ಬಾಗಿಲಿಗೆ ಹೋಗಿ ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆಯುವಳು. ನನಗೆ ಮಾತ್ರ ಮೊದಲು ಕಾಲಿನ ಹೆಬ್ಬೆರಳನ್ನು ಮೆಲ್ಲಗೆ ಎಳೆದು, ಆಮೇಲೆ ಹೆಸರು.

ಒಂದು ಚಳಿಗಾಲದಲ್ಲಿ ಅವಳು ಆ ಒದ್ದೆ ಕಲ್ಲಿನ ಮೇಲೆ ಜಾರಿದಳು. ಏನೂ ಮುರಿಯಲಿಲ್ಲ, ಆದರೆ ಅಪ್ಪ ಹೆದರಿದ. ಈ ಗಡಿಯಾರ ತಂದು, "ಅಜ್ಜಿ, ಇನ್ನ ನೀ ಹಾಯಾಗಿ ಮಲಕ್ಕೋ" ಎಂದ. ಪ್ರೀತಿಯಿಂದಲೇ ಅಂದದ್ದು. ಅದರ ಗಂಟೆ ಎಷ್ಟು ಜೋರಾಗಿತ್ತೆಂದರೆ ಮಾಳಿಗೆಯವರೂ ಅದಕ್ಕೇ ಏಳತೊಡಗಿದರು. ಸಂಜೆ ಅಜ್ಜಿಯ ಹತ್ತಿರ ಯಾರೂ ನಿಲ್ಲಲಿಲ್ಲ. ಕೆಲವು ದಿನಗಳಲ್ಲಿ ಅವಳು ಕೇಳುವುದನ್ನೇ ಬಿಟ್ಟಳು. ತಾಟಿನಲ್ಲಿ ರೊಟ್ಟಿ ಅರ್ಧ ಉಳಿಯಿತು. ಗೋಡೆಗೆ ಮುಖ ಮಾಡಿ ಮಲಗಿ, ಇವತ್ತು ಯಾವ ವಾರವೆಂದು ಮತ್ತೆ ಮತ್ತೆ ಕೇಳುತ್ತಿದ್ದಳು.

ವೈದ್ಯರು ವಯಸ್ಸಾಯಿತು ಎಂದರು. ಅವರು ಹೋದ ಮೇಲೆ ಅವ್ವ ಅಪ್ಪನಿಗೆ, "ವಯಸ್ಸು ಗಡಿಯಾರ ಬರೂಕಿಂತ ಮೊದಲೂ ಇತ್ತಲ್ರಿ" ಎಂದಳು. ಅಷ್ಟೇ ಅಂದಳು.

ಅಂದು ಸಂಜೆ ಅಪ್ಪ ಅಜ್ಜಿಯ ಹಾಸಿಗೆಯ ಪಕ್ಕ ಕುಳಿತ. "ಅಜ್ಜಿ, ನಾಳೆ ನನಗ ನಸುಕಿನ್ಯಾಗ ಡ್ಯೂಟಿ ಅದ. ಎಬ್ಬಸ್ತೀಯೇನು?"

"ಗಂಟೀ ಸಾಹೇಬ ಇದ್ದಾನಲ್ಲ. ಅವಗ ಹೇಳು."

"ಅವಗ ನನ್ನ ಹೆಸರು ಗೊತ್ತಿಲ್ಲ."

ಅಜ್ಜಿ ಗೋಡೆಯ ಕಡೆಯಿಂದ ಹೊರಳಿ, "ಎಷ್ಟಕ್ಕ?" ಎಂದಳು.

ಅಪ್ಪ ಅಂಗಳದುದ್ದಕ್ಕೂ ಗೋಣಿತಾಟು ಹಾಸಿ, ಕಂಬಕ್ಕೊಂದು ಕಂದೀಲು ತೂಗುಹಾಕಿದ. ಗಡಿಯಾರ ಕಪಾಟು ಸೇರಿತು. ತೀರ ಮುಪ್ಪಿನವರಿಗೆ ವಿಶ್ರಾಂತಿ ಬೇಕೆಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಅಜ್ಜಿಗೆ ಬೇಕಾಗಿದ್ದದ್ದು ನಾಳೆ. ನನ್ನ ಮೆಟ್ರಿಕ್ ಮುಗಿಯುವವರೆಗೂ ಅವಳು ದಿನವೂ ಅದನ್ನು ಕೇಳಿ ಪಡೆದಳು. ಒಂದು ಮಧ್ಯಾಹ್ನ, ಸಂಜೆಯ ಪ್ರಶ್ನೆಗೆ ಮುಂಚೆ, ತಾನೇ ಮಲಗಿಬಿಟ್ಟಳು.

ಕರ್ಮಗಳು ಮುಗಿದು ನೆಂಟರು ಹೋದ ಮೇಲಿನ ಮೊದಲ ನಸುಕು ನನಗೆ ನೆನಪಿದೆ. ಗಾಡಿ ಕೂಗಿತು. ಟಾಂಗಾ ಹೋಯಿತು. ಅಪ್ಪ ಮಗ್ಗುಲು ಬದಲಿಸಿದ್ದು ಕೇಳಿಸಿತು. ಮಾಳಿಗೆಯಲ್ಲಿ ಗೋದುಕಾಕುವಿನ ಬಳೆ ಒಮ್ಮೆ ಸದ್ದು ಮಾಡಿ ಸುಮ್ಮನಾಯಿತು. ಎಲ್ಲರಿಗೂ ಎಚ್ಚರವಾಗಿತ್ತು. ಯಾರೂ ಏಳಲಿಲ್ಲ. ನಾನು ಹೊದಿಕೆಯಿಂದ ಪಾದ ಹೊರಗಿಟ್ಟುಕೊಂಡು ಮಲಗಿದ್ದೆ. ನಳದ ನೀರು ಹಂಡೆ ತುಂಬಿ, ಗೋಣಿತಾಟಿನ ಮೇಲೆ ಹರಿಯುತ್ತಲೇ ಇತ್ತು.