ಬಿಸಿಯಾದರೆ ನಿಲ್ಲುವ ವ್ಯಾನು

ನಮ್ಮ ಅತ್ತಿಗೆಗೆ ಯಾರಾದರೂ "ಇದು ನಿನ್ನ ಕೈಲಿ ಆಗಲ್ಲ" ಅಂದರೆ ಮುಗಿಯಿತು, ಅದು ಆಗುವವರೆಗೆ ಮನೆಯಲ್ಲಿ ಯಾರಿಗೂ ನೆಮ್ಮದಿಯಿಲ್ಲ. ಆ ಸಲ ಹಾಗೆ ಅಂದವನು ಮೆಕ್ಯಾನಿಕ್. ವ್ಯಾನು ಅವಳದು, ಓಡಿಸುವವಳು ಅವಳು, ಎಂಜಿನ್ನಿನಲ್ಲಿ ಟಕಟಕ ಸದ್ದು ಬರುತ್ತಿದೆ ಎಂದು ಹೇಳಿದವಳೂ ಅವಳು. ಆ ಪುಣ್ಯಾತ್ಮ ಮಾತ್ರ ಉತ್ತರವನ್ನೆಲ್ಲ ಪಕ್ಕದಲ್ಲಿ ಸುಮ್ಮನೆ ನಿಂತಿದ್ದ ನನ್ನ ಅಣ್ಣನಿಗೆ ಕೊಟ್ಟ. "ಕ್ಯಾಮ್‌ಶಾಫ್ಟ್ ಸವೆದಿದೆ ಸಾರ್. ಒಂದು ವಾರ ಗಾಡಿ ಬಿಟ್ಟು ಹೋಗಿ." ಅಷ್ಟು ದಿನ ಬಿಡೋಕಾಗಲ್ಲ, ಹೊಸದನ್ನ ನಾನೇ ಹಾಕ್ಕೋಬಹುದಾ ಎಂದು ಅತ್ತಿಗೆ ಕೇಳಿದ್ದಕ್ಕೆ ಅವನು ಮತ್ತೆ ಅಣ್ಣನ ಕಡೆಗೇ ತಿರುಗಿ, "ಮನೇಲಿ ಮಾಡೋ ಕೆಲಸ ಅಲ್ಲ ಸಾರ್ ಅದು, ಅವರ ಕೈಲಿ ಆಗಲ್ಲ" ಎಂದು ನಕ್ಕ. ಅಣ್ಣನೂ ನಕ್ಕುಬಿಟ್ಟ. ಅವನ ಗ್ರಹಚಾರ.

ಗಾಡಿ ಬಿಡುವ ಸ್ಥಿತಿಯಲ್ಲಿ ನಾವು ನಿಜವಾಗಿಯೂ ಇರಲಿಲ್ಲ. ಅತ್ತಿಗೆ ಮತ್ತು ನಾನು ಲಾಂಡ್ರಿ ನಡೆಸುತ್ತೇವೆ. ಒಗೆಯುವುದು, ಸಾಗಿಸುವುದು ಅವಳ ಪಾಲು. ಇಸ್ತ್ರಿ, ಮಡಿಸುವುದು ನನ್ನದು. ಚಿಲ್ಲರೆ ಗಿರಾಕಿಗಳು ಬರುತ್ತಾರೆ, ಹೋಗುತ್ತಾರೆ. ನಮ್ಮನ್ನು ಸಾಕುತ್ತಿದ್ದದ್ದು ಗುಡ್ಡದ ಮೇಲಿನ ನರ್ಸಿಂಗ್ ಹೋಮ್. ಬೆಳಗಿನ ಆಪರೇಷನ್ ಶುರುವಾಗುವ ಮೊದಲು ಒಗೆದ ಬಟ್ಟೆ ಅಲ್ಲಿರಬೇಕು, ವಾಪಸು ಬರುವಾಗ ಕೊಳೆಬಟ್ಟೆಯ ಮೂಟೆಗಳನ್ನು ಹೇರಿಕೊಂಡು ಬರಬೇಕು. ಅದು ಕೈಬಿಟ್ಟರೆ ಅಂಗಡಿಗೆ ಬೀಗ ಹಾಕಿ ಇಬ್ಬರೂ ಬೇರೆಯವರ ಮನೆ ಪಾತ್ರೆ ತಿಕ್ಕಲು ಹೋಗಬೇಕಿತ್ತು, ಉತ್ಪ್ರೇಕ್ಷೆಯಲ್ಲ.

ಭಾನುವಾರ ಅತ್ತಿಗೆ ಹೊಸ ಕ್ಯಾಮ್‌ಶಾಫ್ಟ್ ತಂದು, ಫೋನನ್ನು ಒಗೆಯುವ ಕಲ್ಲಿಗೆ ಒರಗಿಸಿ, ಅದರಲ್ಲಿ ಯಾರೋ ಮಾಡಿ ತೋರಿಸುತ್ತಿದ್ದದ್ದನ್ನು ನೋಡುತ್ತ ಎಂಜಿನ್ ಬಿಚ್ಚಿದಳು. ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ. ಕ್ಯಾಮ್‌ಶಾಫ್ಟ್ ಅಂದರೆ ಎಂಜಿನ್ನಿನ ನೆತ್ತಿಯ ಮೇಲೆ ಮಲಗಿರುವ ಒಂದು ಸರಳು, ಮೈತುಂಬ ಉಬ್ಬುಗಳು. ಅದು ತಿರುಗಿದಂತೆ ಉಬ್ಬುಗಳು ಕೆಳಗಿನ ವಾಲ್ವ್‌ಗಳನ್ನು ಒತ್ತಿ ತೆರೆಯುತ್ತವೆ, ಉಬ್ಬು ದಾಟಿದ ಮೇಲೆ ಅವು ತಾವೇ ಮುಚ್ಚಿಕೊಳ್ಳುತ್ತವೆ. ಉಬ್ಬಿಗೂ ವಾಲ್ವ್‌ಗೂ ನಡುವೆ ಒಂದೊಂದು ಪುಟ್ಟ ಉಕ್ಕಿನ ಟೋಪಿ. ಅವನ್ನೆಲ್ಲ ಅತ್ತಿಗೆ ಸೀಮೆಎಣ್ಣೆಯಲ್ಲಿ ತೊಳೆದು, ಕನ್ನಡಿಯ ಹಾಗೆ ಹೊಳೆಯಿಸಿ, ಒಣಬಟ್ಟೆಯಲ್ಲಿ ಒರೆಸಿ, ಒಂದರ ಮೇಲೊಂದು ಪೇರಿಸಿಟ್ಟಳು. ಸಂಜೆಯ ಹೊತ್ತಿಗೆ ಎಲ್ಲವೂ ಒಳಗೆ ಸೇರಿತ್ತು. ಕೀಲಿ ತಿರುಗಿಸಿದ ತಕ್ಷಣ ವ್ಯಾನು ಸ್ಟಾರ್ಟ್ ಆಯಿತು. ಅಣ್ಣ ಚಪ್ಪಾಳೆ ತಟ್ಟಿದ. ಅತ್ತಿಗೆ ಅವನನ್ನು ನೋಡಲೂ ಇಲ್ಲ.

ಸೋಮವಾರ ಬೆಳಿಗ್ಗೆ ಗುಡ್ಡದ ಅರ್ಧ ಏರಿನಲ್ಲಿ ವ್ಯಾನು ಚಳಿಜ್ವರ ಬಂದವರಂತೆ ನಡುಗಿತು, ನಿಂತಿತು. ಕೀಲಿ ಎಷ್ಟು ತಿರುಗಿಸಿದರೂ ಗರಗರ ಅನ್ನುತ್ತದೆಯೇ ಹೊರತು ಎಂಜಿನ್ ಹತ್ತುವುದಿಲ್ಲ. ಬಾಡಿಗೆ ಗಾಡಿ ಹುಡುಕಿ ಬಟ್ಟೆ ಸಾಗಿಸುವಷ್ಟರಲ್ಲಿ ಅಲ್ಲಿ ಮೊದಲ ಆಪರೇಷನ್ ಮುಂದಕ್ಕೆ ಹೋಗಿತ್ತು. ಹೆಡ್ ನರ್ಸ್ ಕೂಗಾಡಲಿಲ್ಲ, ಕೂಗಾಡಿದ್ದರೆ ಚೆನ್ನಾಗಿತ್ತು. "ನಾಳೆ ಒಂದು ದಿನ ನೋಡ್ತೀನಿ. ತಡ ಆದ್ರೆ ಮೂಟೆ ಬೇರೆಯವರಿಗೆ ಕೊಡ್ತೀನಿ. ಅವರು ದಿನಾ ಫೋನ್ ಮಾಡ್ತಿದ್ದಾರೆ," ಎಂದಳು.

ವಿಚಿತ್ರವೆಂದರೆ, ವಾಪಸು ಬಂದು ನೋಡಿದರೆ ರಸ್ತೆ ಬದಿಯಲ್ಲಿ ತಣ್ಣಗೆ ನಿಂತಿದ್ದ ವ್ಯಾನು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು, ಏನೂ ಆಗೇ ಇಲ್ಲವೇನೋ ಎಂಬಂತೆ. ಮನೆ ಮುಂದೆ ಬಂದು ಮತ್ತೆ ಸತ್ತಿತು.

ಅವತ್ತು ಅತ್ತಿಗೆ ಊಟ ಮಾಡಲಿಲ್ಲ. ಕ್ಯಾಮ್‌ಶಾಫ್ಟನ್ನು ತಿರುಗಿಸುವ ಬೆಲ್ಟಿನ ಗುರುತುಗಳು ಸರಿಯಾಗಿ ಕೂತಿವೆಯೋ ನೋಡಿದಳು; ಕೂತಿದ್ದವು. ಸ್ಪಾರ್ಕ್ ಪ್ಲಗ್ ಬಿಚ್ಚಿ ಒರೆಸಿದಳು, ವೈರುಗಳ ಸರದಿ ನೋಡಿದಳು, ಪೆಟ್ರೋಲ್ ಬರುತ್ತಿದೆಯೋ ನೋಡಿದಳು. ಎಲ್ಲವೂ ಸರಿ. ಎಲ್ಲವೂ ಸರಿಯಿದ್ದು ಗಾಡಿ ಓಡದಿರುವುದಕ್ಕಿಂತ ಹೊಟ್ಟೆ ಉರಿಸುವ ವಿಷಯ ಇನ್ನೊಂದಿಲ್ಲ. ಅಣ್ಣ ಕೆಲಸದಿಂದ ಬಂದವನು ಬಾಗಿಲಲ್ಲೇ ನಿಂತು, "ಈಗಲಾದ್ರೂ ಮೆಕ್ಯಾನಿಕ್‌ನ ಕರೀಲಾ?" ಎಂದ.

"ಕರಿ. ಬಂದು ನಿನ್ನ ಹತ್ರಾನೇ ಮಾತಾಡ್ಲಿ. ಬೆಳಿಗ್ಗೆ ಬಟ್ಟೆ ಹೊತ್ಕೊಂಡು ನೀನೇ ಗುಡ್ಡ ಹತ್ತು."

ಅಣ್ಣ ಬಾಯಿಗೆ ಬೀಗ ಹಾಕಿಕೊಂಡು ಒಳಗೆ ಹೋಗಿ ಟೀ ಮಾಡಿದ. ಅವನಿಗೆ ಚೆನ್ನಾಗಿ ಬರುವ ಕೆಲಸ ಅದೊಂದೇ, ಅದನ್ನು ಸರಿಯಾದ ಹೊತ್ತಿಗೆ ಮಾಡುತ್ತಾನೆ ಎನ್ನುವುದಕ್ಕೆ ಅವನನ್ನು ಮೆಚ್ಚಬೇಕು.

ಟೀ ಲೋಟ ಹಿಡಿದು ಅತ್ತಿಗೆ ನನ್ನ ಇಸ್ತ್ರಿ ಮೇಜಿನ ಹತ್ತಿರ ಬಂದು ಕುಕ್ಕರಿಸಿದಳು. ನಾನು ಡಾಕ್ಟರುಗಳ ಬಿಳಿ ಕೋಟುಗಳನ್ನು ಬೇರ್ಪಡಿಸುತ್ತಿದ್ದೆ. ಹಾಸಿಗೆ ಬಟ್ಟೆಯನ್ನು ನಾವು ಹಾಗೆ ನೋಡುವುದಿಲ್ಲ. ಯಾವ ಹಾಸಿಗೆಯದು ಯಾವುದಕ್ಕೆ ಹೋದರೂ ಒಂದೇ, ಒಗೆದು ಪೇರಿಸಿದರಾಯಿತು. ಕೋಟುಗಳಿಗೆ ಮಾತ್ರ ಕಾಲರಿನ ಒಳಗೆ ಬಣ್ಣದ ದಾರದ ಗುರುತು ಹಾಕಿರುತ್ತೇನೆ. ಅತ್ತಿಗೆ ನೋಡುತ್ತ ಕೂತವಳು ಕೇಳಿದಳು, "ಎಲ್ಲಾ ಒಂದೇ ಥರ ಇದಾವಲ್ಲ, ಅದಲು ಬದಲಾದ್ರೆ ಏನಾಗತ್ತೆ?"

"ಒಂದೇ ಥರ ಕಾಣತ್ತೆ ಅಷ್ಟೇ. ಸಣಕಲು ಡಾಕ್ಟರ ಕೋಟು ದಪ್ಪ ಡಾಕ್ಟರಿಗೆ ಹೋದ್ರೆ ಹೊಟ್ಟೆ ಮೇಲೆ ಗುಂಡಿ ಹಾಕೋಕಾಗತ್ತಾ? ಬೆಳಿಗ್ಗೆ ಹೇಗೋ ಎಳೆದು ಹಾಕ್ಕೋತಾರೆ, ಊಟ ಆದ್ಮೇಲೆ ಬಿಚ್ಕೊಳತ್ತೆ."

ನಾನು ತಮಾಷೆಗೆ ಹೇಳಿದ್ದು. ಅತ್ತಿಗೆ ಲೋಟವನ್ನು ನೆಲಕ್ಕಿಟ್ಟಳು. "ಅಯ್ಯೋ, ಹಾಳಾಗಿ ಹೋಯ್ತು," ಅಂದಳು. "ಟೋಪಿಗಳು. ನಾನು ಹಾಸಿಗೆ ಬಟ್ಟೆ ಥರ ಪೇರಿಸಿಬಿಟ್ಟೆ."

ಆಮೇಲೆ ಉಸಿರು ಬಿಡದೆ ವಿವರಿಸಿದಳು. ಆ ಟೋಪಿಗಳು ಕಣ್ಣಿಗೆ ಒಂದೇ, ದಪ್ಪದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ. ಯಾವ ವಾಲ್ವ್‌ಗೆ ಎಷ್ಟು ಬೇಕೋ ಅಷ್ಟೇ ದಪ್ಪದ್ದನ್ನು ಮೊದಲು ಕೂರಿಸಿದ್ದರು. ತೆಳುವಿನ ಜಾಗಕ್ಕೆ ದಪ್ಪದ್ದು ಕೂತರೆ, ತಣ್ಣಗಿರುವಾಗ ವಾಲ್ವ್ ಹೇಗೋ ಮುಚ್ಚುತ್ತದೆ. ಬಿಸಿಗೆ ಉಕ್ಕು ಹಿಗ್ಗಿದ ಮೇಲೆ ಮುಚ್ಚುವುದಿಲ್ಲ, ಒತ್ತಡವೆಲ್ಲ ಸೋರಿಹೋಗುತ್ತದೆ, ಎಂಜಿನ್ ಸಾಯುತ್ತದೆ. ಸಂದು ಅಳೆಯುವ ತೆಳು ಉಕ್ಕಿನ ಪಟ್ಟಿಗಳನ್ನು ಕ್ಯಾಮ್‌ಶಾಫ್ಟಿನ ಜೊತೆಗೇ ತಂದಿದ್ದಳು. ಹಳೇ ಟೋಪಿಗಳನ್ನೇ ಹಾಕುತ್ತಿದ್ದೇನಲ್ಲ, ಅಳೆಯುವುದೇನು ಎಂದು ಅದರ ಕವರನ್ನೂ ಹರಿದಿರಲಿಲ್ಲ.

"ಬಿಸಿ ಗಾಡೀನ ಗುಡ್ಡಕ್ಕೆ ಎಳೆಸಿದೀನಿ. ವಾಲ್ವ್ ಸುಟ್ಟು ಹೋಗಿದ್ರೆ?" ಎಂದಳು. ನನಗೆ ಅಳು ಬರುವಂತಾಗಿತ್ತು, ಆದರೆ ಅವಳ ಎದುರು ಅಳುವ ಧೈರ್ಯವಾಗಲಿಲ್ಲ.

ಮತ್ತೆ ಬಿಚ್ಚಿದೆವು. ಬಿಚ್ಚುವ ಮೊದಲು ಒಂದೊಂದು ಉಬ್ಬಿನ ಕೆಳಗೂ ಪಟ್ಟಿ ತೂರಿಸಿ ಅವಳು ಸಂದು ಹೇಳಿದಳು, ನಾನು ಬಟ್ಟೆಗೆ ಗುರುತು ಹಾಕುವ ಚಾಕ್‌ಪೀಸಿನಲ್ಲಿ ಗೋಡೆಯ ಮೇಲೆ ಬರೆದೆ. ಒಂದು ಕಡೆ ಪಟ್ಟಿ ಸಡಿಲವಾಗಿ ಜಾರುತ್ತಿತ್ತು. ಇನ್ನೊಂದು ಕಡೆ ಅತಿ ತೆಳ್ಳನೆಯದೂ ಒಳಗೆ ಹೋಗಲಿಲ್ಲ. "ಇದೇ, ಇದೇ ಪ್ರಾಣ ತಿಂದದ್ದು," ಎಂದಳು. ಪ್ರತಿ ಟೋಪಿಯ ಒಳಮೈಯಲ್ಲಿ ಅದರ ದಪ್ಪ ಕೊರೆದಿತ್ತು, ಭೂತಗನ್ನಡಿ ಹಿಡಿದರೆ ಕಾಣುವಷ್ಟು. ಅವಳು ಕೂಡಿದಳು, ಕಳೆದಳು, ಯಾವುದು ಎಲ್ಲಿಗೆ ಎಂದು ಗೋಡೆಯ ಮೇಲೆ ಬಾಣ ಎಳೆದಳು. ಅಣ್ಣ ಹಿಂದೆ ಟಾರ್ಚ್ ಹಿಡಿದು ನಿಂತು ಒಂದು ಕಡೆ ಲೆಕ್ಕ ತಪ್ಪಿದೆ ಎಂದ. ನೋಡಿದರೆ ನಿಜವಾಗಿಯೂ ತಪ್ಪಿತ್ತು. ಅತ್ತಿಗೆ ತುಟಿ ಕಚ್ಚಿಕೊಂಡು ಅಳಿಸಿ ತಿದ್ದಿದಳು.

ಎಲ್ಲ ಮುಚ್ಚಿ, ಮೇಲಿನ ಮುಚ್ಚಳಕ್ಕೆ ಅಂಟು ಹಚ್ಚಿದಳು. ಆ ಅಂಟು ಬೆಳಗಿನವರೆಗೆ ಒಣಗಬೇಕು, ಅಲ್ಲಿಯವರೆಗೆ ಸ್ಟಾರ್ಟ್ ಮಾಡುವ ಹಾಗಿಲ್ಲ. ಅಂದರೆ ಪರೀಕ್ಷೆ ಮಾಡಿ ನೋಡುವ ಭಾಗ್ಯವೂ ಇಲ್ಲ. ಸರಿಹೋಗಿದೆಯೋ ಇಲ್ಲವೋ ಗುಡ್ಡವೇ ಹೇಳಬೇಕು. ಯಾರಿಗೂ ನಿದ್ದೆ ಬರಲಿಲ್ಲ.

ಮಂಗಳವಾರ ಬೆಳಕು ಹರಿಯುತ್ತಿದ್ದಂತೆ ಬಟ್ಟೆ ಹೇರಿಕೊಂಡು ಹೊರಟೆವು. ಏರು ಶುರುವಾಯಿತು. ನಾನು ಬಿಸಿ ತೋರಿಸುವ ಮುಳ್ಳನ್ನೇ ನೋಡುತ್ತಿದ್ದೆ. ನಿನ್ನೆ ನಿಂತ ಜಾಗ ಬಂತು. ವ್ಯಾನು ನಡುಗಲಿಲ್ಲ. ಆ ಜಾಗ ದಾಟಿತು, ತಿರುವು ದಾಟಿತು, ನರ್ಸಿಂಗ್ ಹೋಮಿನ ಗೇಟಿನ ಒಳಗೂ ಹೋಯಿತು.

ಅತ್ತಿಗೆ ಎಂಜಿನ್ ಆಫ್ ಮಾಡದೆ ಇಳಿದಳು. ಹೆಡ್ ನರ್ಸ್ ಬಾಗಿಲಿಗೆ ಬಂದು, "ಏನಿದು ಸದ್ದು? ಒಳಗೆ ಪೇಷಂಟ್ಸ್ ಮಲಗಿದ್ದಾರೆ. ಮೊದಲು ಆಫ್ ಮಾಡಿ," ಎಂದಳು.

"ಐದೇ ನಿಮಿಷ ಸಿಸ್ಟರ್, ಈಗ ಇಳಿಸಿಬಿಡ್ತೀವಿ."

"ಆಫ್ ಮಾಡಿ ಅಂದೆ."

ಅತ್ತಿಗೆ ನನ್ನ ಮುಖ ನೋಡಿದಳು. ನಿನ್ನೆಯ ರೋಗ ಅದೇ ಆಗಿತ್ತಲ್ಲ, ಬಿಸಿಯಲ್ಲಿ ನಿಂತರೆ ಮತ್ತೆ ಏಳುವುದಿಲ್ಲ. ಅವಳು ಕೈ ಒಳಗೆ ಚಾಚಿ ಕೀಲಿ ತಿರುಗಿಸಿದಳು. ಸದ್ದು ನಿಂತಿತು.

ಒಗೆದ ಬಟ್ಟೆ ಒಳಗೆ ಹೋಯಿತು. ಹೆಡ್ ನರ್ಸ್ ಗಡಿಯಾರ ನೋಡಿದಳು, ಮೂಲೆಯ ಕೊಳೆಮೂಟೆಗಳ ಕಡೆ ಕೈ ತೋರಿಸಿದಳು. ನಮಗೇ ಕೊಟ್ಟಳು! ಅವನ್ನು ಹೇರುವಾಗ ಖುಷಿಯಾಗಬೇಕಿತ್ತು. ಆಗಲಿಲ್ಲ. ಈಗ ಈ ಗಾಡಿ ಬಾಗಿಲಲ್ಲೇ ಸತ್ತರೆ, ಆಂಬುಲೆನ್ಸ್ ಬರುವ ದಾರಿಗೆ ಅಡ್ಡ ನಿಂತರೆ, ಕೊಟ್ಟ ಕೈಯೇ ಕಿತ್ತುಕೊಳ್ಳುತ್ತದೆ.

ಅತ್ತಿಗೆ ಸೀಟಿನಲ್ಲಿ ಕೂತಳು. ಕೀಲಿಯ ಮೇಲೆ ಕೈ ಇಟ್ಟಳು. ತಿರುಗಿಸಲಿಲ್ಲ. "ನನ್ನ ಕೈಲಿ ಆಗ್ತಿಲ್ಲ," ಎಂದಳು. "ನೀನು ತಿರುಗಿಸು."

ನಾನು ಹುಟ್ಟಿದಾಗಿನಿಂದ ಯಾವ ಗಾಡಿಯ ಕೀಲಿಯನ್ನೂ ತಿರುಗಿಸಿದವಳಲ್ಲ. ಬಗ್ಗಿ, ಅವಳ ಕೈಯನ್ನು ಸರಿಸಿ, ಕಣ್ಣು ಮುಚ್ಚಿಕೊಂಡು ತಿರುಗಿಸಿದೆ.

ಹತ್ತಿತು. ಒಂದೇ ಸಲಕ್ಕೆ.

ಅತ್ತಿಗೆ ಗಾಡಿ ಹೊರಡಿಸಲಿಲ್ಲ. ಸ್ಟೇರಿಂಗಿನ ಮೇಲೆ ಹಣೆ ಇಟ್ಟುಬಿಟ್ಟಳು, ಹಾರ್ನ್ ಅದುಮಿಕೊಂಡಿತು, ಇಡೀ ನರ್ಸಿಂಗ್ ಹೋಮ್ ಎದ್ದು ಕೂರುವಂತೆ ಬಡಿದುಕೊಂಡಿತು. ಮೇಲಿನ ಕಿಟಕಿಯಿಂದ ಹೆಡ್ ನರ್ಸ್ ಬೈಯತೊಡಗಿದಳು. ನಾನು ಅತ್ತಿಗೆಯ ಭುಜ ಹಿಡಿದು ಎತ್ತಿದೆ. ಮುಖವೆಲ್ಲ ಕಣ್ಣೀರು, ಅದರಲ್ಲೇ ನಗು.

"ನೀನೇ ಓಡಿಸು," ಎಂದಳು. "ನನ್ನ ಕಾಲು ನಡುಗ್ತಿದೆ."

"ನಂಗೆ ಬರಲ್ಲ ಅತ್ತಿಗೆ."

"ಗೊತ್ತು. ಹಾಗಾದ್ರೆ ಸುಮ್ನೆ ಪಕ್ಕದಲ್ಲಿ ಕೂತಿರು."

ಕೂತೆ. ನರ್ಸ್ ಬೈಯುತ್ತಲೇ ಇದ್ದಳು, ಎಂಜಿನ್ ಓಡುತ್ತಲೇ ಇತ್ತು, ಅವಳ ಕಾಲಿನ ನಡುಕ ನಿಲ್ಲುವವರೆಗೆ ನಾವಿಬ್ಬರೂ ಅಲ್ಲಿಂದ ಕದಲಲಿಲ್ಲ.