ದೆವ್ವದ ಪಿಕ್ಚರಿಗೆ ಅತ್ತೆಯೂ ಬಂದರು

"ಅಯ್ಯೋ ಮಗಾ, ಆ ಫೋನ್ ಆಫ್ ಮಾಡ್ಬುಡೇ!"

ಥಿಯೇಟರಿನ ಕತ್ತಲಲ್ಲಿ ಹೀಗೆ ಕೂಗಿದ್ದು ನನ್ನ ಅತ್ತೆ. ಪರದೆಯ ಮೇಲೆ ಒಬ್ಬ ಹುಡುಗಿಯ ಮೊಬೈಲಿನೊಳಗಿಂದ ದೆವ್ವದ ಕೈ ಈಚೆ ಬರುತ್ತಿತ್ತು. ಎಲ್ಲರೂ ಉಸಿರು ಬಿಗಿಹಿಡಿದು ಕೂತಿದ್ದರು. ಅತ್ತೆ ಕೂಗಿದ್ದೇ ತಡ, ಇಡೀ ಹಾಲ್ ಗೊಳ್ಳೆಂದು ನಕ್ಕಿತು. ದೆವ್ವಕ್ಕೆ ಎಷ್ಟು ಅವಮಾನವಾಯಿತೋ!

ಹತ್ತನೇ ಕ್ಲಾಸಿನ ನನ್ನ ಮಗಳು ಇಂಚರ ಗೆಳತಿ ಚೈತ್ರಾಳ ಜೊತೆ ಮ್ಯಾಟಿನಿಗೆ ಹೊರಟಿದ್ದಳು. ದೊಡ್ಡವರೊಬ್ಬರು ಇರಲಿ ಎಂದು ನಾನು. ಮನೆಯಲ್ಲಿ ಒಬ್ಬಳೇ ಕೂತು ಏನು ಮಾಡಲಿ ಎಂದು ಅತ್ತೆ. (ವಯಸ್ಸಾದವರನ್ನು ಹಾರರ್ ಸಿನಿಮಾಗೆ ಕರ್ಕೊಂಡು ಹೋಗ್ತಾರಾ ಎಂದು ನನ್ನ ಗಂಡ ಗೊಣಗಿದರು. ಅಷ್ಟರಲ್ಲಿ ಅತ್ತೆ ರೇಷ್ಮೆ ಸೀರೆ ಉಟ್ಟು ಗೇಟಿನ ಹತ್ತಿರ ನಿಂತಾಗಿತ್ತು.)

ಸಿನಿಮಾದ ಕಥೆ ಇಷ್ಟೇ. ಕ್ಲಾಸಿನ ಗ್ರೂಪಿನಲ್ಲಿ ಒಬ್ಬಳ ವಿಡಿಯೋ ಹಾಕಿ ಎಲ್ಲರೂ ಗೇಲಿ ಮಾಡುತ್ತಾರೆ. ಅವಳು ಸತ್ತು, ಒಬ್ಬೊಬ್ಬರ ಫೋನಿನಿಂದಲೂ ಎದ್ದು ಬರುತ್ತಾಳೆ. ಮೊದಲು ಯಾರನ್ನು ಹಿಡಿಯುತ್ತಾಳೆ ಗೊತ್ತಾ? ವಿಡಿಯೋ ಹಾಕಿದವನನ್ನಲ್ಲ. ನಗುವ ಎಮೋಜಿ ಒತ್ತಿದವರನ್ನು!

ಈ ಗುಟ್ಟು ಬಯಲಾಗುತ್ತಿದ್ದಂತೆ ಚೈತ್ರ ದಡಕ್ಕನೆ ಎದ್ದು ಹೊರಗೆ ಹೋದಳು. ನಾನೂ ಹಿಂದೆಯೇ ಹೋದೆ. ಪಾಪ್‌ಕಾರ್ನ್ ಕೌಂಟರಿನ ಪಕ್ಕದ ಸೋಫಾದಲ್ಲಿ ಕೂತು ಅಳುತ್ತಿದ್ದಳು.

"ಭಯ ಆಯ್ತೇನೋ ಪುಟ್ಟಾ?"

"ಇಲ್ಲ ಆಂಟಿ. ನಂಗೂ ಹೀಗೇ ಮಾಡಿದಾರೆ."

ಸ್ಕೂಲ್ ಡೇಗೆಂದು ಹಾಡು ಪ್ರಾಕ್ಟೀಸ್ ಮಾಡುವಾಗ ಕ್ಲಾಸಿನ ಹುಡುಗನೊಬ್ಬ ಅವಳ ಫೋಟೋ ತೆಗೆದಿದ್ದ. ಕಣ್ಣು ಮುಚ್ಚಿದೆ, ಬಾಯಿ ಅಗಲವಾಗಿ ತೆರೆದಿದೆ. ಅದನ್ನೇ ಸ್ಟಿಕ್ಕರ್ ಮಾಡಿ ಕೆಳಗೆ 'ನೆಟ್‌ವರ್ಕ್ ಸಿಗ್ತಿಲ್ಲ' ಎಂದು ಬರೆದು ಗ್ರೂಪಿಗೆ ಹಾಕಿದ. ಅಲ್ಲಿಂದ ಯಾರು ಏನೇ ಕೇಳಿದರೂ ಉತ್ತರ ಅದೇ ಸ್ಟಿಕ್ಕರ್.

"ನಾನು ಹಾಡಲ್ಲ, ಹೆಸರು ತೆಗೀರಿ ಅಂತ ಮಿಸ್‌ಗೆ ಹೇಳ್ಬುಟ್ಟೆ ಆಂಟಿ."

ಅಷ್ಟರಲ್ಲಿ ಇಂಚರ ಬಂದು ನಿಂತಿದ್ದಳು. "ನಾನೂ ನಗೋ ಎಮೋಜಿ ಹಾಕಿದ್ದೆ ಕಣೇ. ಸಾರಿ."

"ಗೊತ್ತು," ಎಂದಳು ಚೈತ್ರ. "ನಂಗೆ ಅದೇ ಜಾಸ್ತಿ ಬೇಜಾರಾಗಿದ್ದು."

ಏನು ಹೇಳಬೇಕು? ವಾರವಾರ ಈ ಅಂಕಣದಲ್ಲಿ ನಿಮಗೆಲ್ಲ ಬುದ್ಧಿ ಹೇಳುವ ನಾನು ಕೌಂಟರಿಗೆ ಹೋಗಿ ಇಬ್ಬರಿಗೂ ಪಾಪ್‌ಕಾರ್ನ್ ತಂದುಕೊಟ್ಟೆ, ಅಷ್ಟೇ.

ಆಗ ಬಂದರು ನಮ್ಮ ಅತ್ತೆ. ಎಲ್ಲ ಕೇಳಿಸಿಕೊಂಡು, ಕನ್ನಡಕ ಏರಿಸಿ ಸ್ಟಿಕ್ಕರ್ ನೋಡಿದರು. ಎಲ್ಲಿ ನಕ್ಕುಬಿಡುತ್ತಾರೋ ಎಂದುಕೊಂಡೆ.

"ಹಾಡೋವಾಗ ಬಾಯಿ ತೆಗೀದೆ ಇನ್ನೇನ್ ತೆಗೀತಾರೆ? ಇದ್ರಲ್ಲಿ ನಗೋಕೇನಿದೆ?" ಎಂದವರೇ ತಿರುಗಿ ನಿಂತು, ಹಲ್ಲಿನ ಸೆಟ್ ತೆಗೆದು ಕರ್ಚೀಫಿನಲ್ಲಿ ಸುತ್ತಿಕೊಂಡರು. ಮತ್ತೆ ಈ ಕಡೆ ತಿರುಗಿ ಕೆನ್ನೆ ಒಳಗೆಳೆದು, ಮೆಳ್ಳಗಣ್ಣು ಮಾಡಿ, ಬೊಚ್ಚುಬಾಯಿ ಬಿಟ್ಟರು. "ತೆಗಿಯೇ ಫೋಟೋ. ನಿಮ್ ಗ್ರೂಪಿಗೆ ಕಳ್ಸು."

"ಅಜ್ಜೀ, ಬೇಡ!"

"ಕಳ್ಸು ಅಂದ್ನಲ್ಲ!"

ಇಂಚರ ಕಳಿಸಿಯೇಬಿಟ್ಟಳು. 'ಇವ್ರು ನಮ್ಮಜ್ಜಿ. ಇನ್ಮೇಲೆ ಚೈತ್ರಂದು ಬೇಡ, ಇದನ್ನ ಹಾಕಿ. ಜೊತೆಗೆ ನಂದೂ ಒಂದು ಇಟ್ಕೊಳ್ಳಿ' ಎಂದು ಬರೆದು, ತಾನು ತಲೆತುಂಬಾ ಎಣ್ಣೆ ಮೆತ್ತಿಕೊಂಡು ಗೂಬೆ ಥರ ಕೂತಿರುವ ಫೋಟೋ ಸೇರಿಸಿದಳು.

ಗ್ರೂಪಿನಲ್ಲಿ ಮೊದಲು ಒಬ್ಬಳು ತನ್ನ ಬೋಳುತಲೆಯ ಫೋಟೋ ಹಾಕಿದಳು, ಚಿಕ್ಕಂದಿನಲ್ಲಿ ಮುಡಿ ಕೊಟ್ಟಾಗಿನದು. ಇನ್ನೊಬ್ಬ ಸೀನುತ್ತಿರುವುದು. ಸಾಲುಸಾಲಾಗಿ ಬರತೊಡಗಿದವು. ನಾವು ಹೊರಬಂದು ಮಸಾಲೆದೋಸೆ ತಿನ್ನುವ ಹೊತ್ತಿಗೆ ಸ್ಟಿಕ್ಕರ್ ಮಾಡಿದ ಹುಡುಗನೇ ಗ್ರೂಪಿಗೆ ಬಂದ: ಸ್ವಿಮ್ಮಿಂಗ್ ಪೂಲಿನ ಅಂಚಿನಲ್ಲಿ ಕಂಬ ತಬ್ಬಿಕೊಂಡು ಅಳುತ್ತಿರುವ ಫೋಟೋ. ಕೆಳಗೆ, 'ಸಾರಿ ಚೈತ್ರ. ಎಲ್ರೂ ಅದನ್ನ ಡಿಲೀಟ್ ಮಾಡ್ರೋ. ನೀನು ಹಾಡು ಪ್ಲೀಸ್.'

ಚೈತ್ರ ನಕ್ಕಳು ನೋಡಿ, ಬಾಯಲ್ಲಿದ್ದ ದೋಸೆ ನೆತ್ತಿಗೇರುವಷ್ಟು!

ಮೊನ್ನೆ ಸ್ಕೂಲ್ ಡೇ ಆಯಿತು. ಅವಳು ಹಾಡಿದಳು. ಎಷ್ಟು ಚೆನ್ನಾಗಿ ಹಾಡಿದಳೆಂದರೆ, ಆ ಹುಡುಗ ಎದ್ದು ನಿಂತು ಸೀಟಿ ಹೊಡೆದು ಮಿಸ್ ಕೈಲಿ ಬೈಸಿಕೊಂಡ.

ನಗಬೇಡಿ ಎಂದು ಮಕ್ಕಳಿಗೆ ಯಾರು ಹೇಳುತ್ತಾರೆ? ಆದರೆ ನಗುವುದಕ್ಕೆ ಒಂದು ಮುಖ ಬೇಕೇಬೇಕು ಎಂದಾಗ, ಮೊದಲು ನಮ್ಮದನ್ನೇ ಕೊಟ್ಟರೆ ಹೇಗೆ?